ಮೀಟರ್ ಮಾಮನ ಹೆಬ್ಬೆರಳು

11 ಜನವರಿ 1998
ಅಕ್ಕನಿಂದ ತಮ್ಮನಿಗೆ

ಮುದ್ದು ತಮ್ಮನಿಗೆ ಅಕ್ಕನ ಆಶೀರ್ವಾದ.

ಈಗ ತಾನೇ ಟಿವಿ ಆರಿಸಿ ಕೂತೆ. ನಕ್ಕು ನಕ್ಕು ಹೊಟ್ಟೆ ನೋಯುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಅದು ನಿನ್ನದೇ ತಪ್ಪು. ಓನರಮ್ಮನ ಬೀರುವಿನೊಳಗೆ ಸಿಕ್ಕಿಹಾಕಿಕೊಂಡು, ಬಾಗಿಲು ತೆರೆದಾಗ ಆ ಮೀಟರ್ ಪುಸ್ತಕವನ್ನು ಎದೆಗೆ ಅವಚಿಕೊಂಡು, "ನಾನು... ಬರೀ ಮೀಟರ್ ನೋಡೋಕೆ ಬಂದೆ" ಅಂದೆಯಲ್ಲ, ನಿನ್ನ ಭಾವ ಕುರ್ಚಿಯಿಂದ ಎದ್ದೇಬಿಟ್ಟರು. ಸೋಪಿನ ಜಾಹೀರಾತು ಬಿಟ್ಟು ಬೇರೆ ಯಾವುದಕ್ಕೂ ನಗದ ಮನುಷ್ಯ! ಪಕ್ಕದ ಮನೆಯ ಟೈಪಿಸ್ಟ್ ಗೋಡೆ ಬಡಿದು, "ಅಕ್ಕಾ, ನೋಡಿದ್ರಾ ನಿಮ್ಮ ತಮ್ಮನ್ನ?" ಎಂದು ಕೂಗಿದಳು. ನೋಡದೆ ಇರುತ್ತೇನೆಯೇ? ಮೂರು ವರ್ಷದಿಂದ ನನ್ನ ಭಾನುವಾರದ ಬೆಳಗ್ಗೆ ಎಂದರೆ ನಿನ್ನ ಧಾರಾವಾಹಿ 'ಲಿಫ್ಟ್ ಕೆಟ್ಟಿದೆ'.

ಇವತ್ತು ನಿನ್ನನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಹೊಸ ಓನರಮ್ಮ ಕಿರುಚುತ್ತಾಳೆ. ಎರಡನೇ ಮಹಡಿಯ ಲಾಯರು, ಅವನ ಹೆಂಡತಿ ಇಬ್ಬರೂ ಪಾಠ ಒಪ್ಪಿಸುತ್ತಾರೆ. ಇಡೀ ಕಟ್ಟಡ ಮೀಟರ್ ಮಾಮನಾದ ನಿನ್ನೊಬ್ಬನ ಹೆಗಲ ಮೇಲಿದೆ.

ನೀನು 'ನಾನು' ಎಂದು ನಿಂತಾಗಲೆಲ್ಲ ನನಗೆ ಹಳೆಯ ಮನೆಯ ನೀರಿನ ತೊಟ್ಟಿ ನೆನಪಾಗುತ್ತದೆ. ಶಾಲೆಯಲ್ಲಿ 'ಬ' ಬಾಯಿಗೆ ಬಾರದೆ, ಮಕ್ಕಳೆಲ್ಲ ಅಣಕಿಸಿದರೆಂದು ನೀನು ಅದರ ಹಿಂದೆ ಅವಿತು ಕೂತಿದ್ದೆ. ನಿನಗಾಗ ಎಂಟು. ನಾನು ನಿನ್ನ ಬಲಗೈ ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟಿಸಿ, "ಒಂದು, ಎರಡು, ಮೂರು, ಹ್ಞಾಂ, ಈಗ ಹೇಳು" ಎಂದೆ. ನಿನ್ನ ಬಾಯಿಂದ "ಬಸ್ಸು" ಎಂದು ಬಂತು. ಈಗ ಅದೇ ಎಣಿಕೆಗಾಗಿ ನೀನು ತಡೆದಾಗ ಊರೆಲ್ಲ ನಗುತ್ತದೆ. ಕ್ಯಾಮೆರಾ ನಿನ್ನ ಎದೆಯಿಂದ ಕೆಳಗೆ ಇಳಿಯುವುದಿಲ್ಲ, ಪುಸ್ತಕದ ಕೆಳಗೆ ನಿನ್ನ ಬಲಗೈ ಹೆಬ್ಬೆರಳು ಎಣಿಸುತ್ತಿರುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಫ್ಯಾಕ್ಟರಿಯಲ್ಲಿ ಹೊಸದೇನಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲರು, ಕಫು, ಗುಂಡಿಯ ಕಾಜ, ಎಲ್ಲದರಲ್ಲೂ ತಪ್ಪು ಹುಡುಕುವುದೇ. ಶರ್ಟು ಹೊಲಿದವಳ ಹೆಸರು ಬಟ್ಟೆಗೆ ಕಟ್ಟಿದ ಟಿಕೆಟ್‌ನಲ್ಲಿರುತ್ತದೆ, ತಪ್ಪು ಹಿಡಿದವಳ ಹೆಸರು ಎಲ್ಲೂ ಇರುವುದಿಲ್ಲ. ಹೋಗಲಿ. ನೀನು ಚೆನ್ನಾಗಿ ಊಟ ಮಾಡು.

ನಿನ್ನ
ಅಕ್ಕ

11 ಜನವರಿ 1998
ಅದೇ ಅಕ್ಕನಿಂದ, 'ಲಿಫ್ಟ್ ಕೆಟ್ಟಿದೆ' ಪತ್ರ ವಿಭಾಗಕ್ಕೆ

ಮಾನ್ಯರೇ,

ಈ ಸಲವೂ ಕೆಂಪು ಪೆನ್ನಿಗೆ ಮನ್ನಿಸಿ, ಕೈಗೆ ಸಿಗುವುದು ಇದೊಂದೇ.

ನಿಮ್ಮ ಧಾರಾವಾಹಿಯ ಒಂದು ಕಂತನ್ನೂ ಬಿಟ್ಟವಳಲ್ಲ ನಾನು, ಹಾಗಾಗಿ ಬೈಯುವ ಹಕ್ಕು ಸಂಪಾದಿಸಿದ್ದೇನೆ. ಓನರಮ್ಮನನ್ನು ಯಾಕೆ ಬದಲಾಯಿಸಿದಿರಿ? ಹೊಸಬರು ಒಳ್ಳೆಯ ನಟಿಯೇ ಇರಬಹುದು, ಆದರೆ ಈ ಪಾತ್ರ ಅವರದ್ದಲ್ಲ. ಹಳೆಯ ಓನರಮ್ಮ ದನಿ ಏರಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಸೆರಗಿನಿಂದ ಕನ್ನಡಕ ಒರೆಸುತ್ತ, ಮೆತ್ತಗೆ "ಪರವಾಗಿಲ್ಲ ಬಿಡಿ" ಅಂದರೆ ಮೂರು ಮಹಡಿಯೂ ನಡುಗುತ್ತಿತ್ತು. ಕಿರುಚುವವರಿಗೆ ಯಾರು ಹೆದರುತ್ತಾರೆ? ಕಿರುಚಿ ಸುಸ್ತಾದ ಮೇಲೆ ಮಲಗುತ್ತಾರೆ ಎಂದು ಎಲ್ಲರಿಗೂ ಗೊತ್ತು. ಬಾಡಿಗೆ ಮನೆಯಲ್ಲಿ ಬಾಳಿದವರನ್ನು ಕೇಳಿ ನೋಡಿ.

ಲಾಯರ್ ದಂಪತಿಯ ಜಗಳ ಹಾಳಾಗಿದೆ. ಮೊದಲು ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಈಗ ಅವನು ಮುಗಿಸುವವರೆಗೆ ಅವಳು ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುತ್ತಾಳೆ. ಗಂಡ ಹೆಂಡತಿ ಸರದಿ ಕಾಯ್ದು ಜಗಳವಾಡುವುದನ್ನು ನೀವು ಯಾವ ಮನೆಯಲ್ಲಿ ನೋಡಿದ್ದೀರಿ?

ಮೀಟರ್ ಮಾಮನ ಬಗ್ಗೆಯೂ ಹೇಳುವುದಿದೆ. ಈಗ ಹೇಳುವುದಿಲ್ಲ.

ಇಂತಿ,
ಒಬ್ಬ ಖಾಯಂ ವೀಕ್ಷಕಿ

29 ಜನವರಿ 1998
ತಮ್ಮನಿಂದ ಅಕ್ಕನಿಗೆ

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಬೀರುವಿನ ದೃಶ್ಯದ ಬಗ್ಗೆ ಇಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ. ಡೈರೆಕ್ಟರು "ಇನ್ನೂ ದೊಡ್ಡದಾಗಿ ಮಾಡಿ, ಕಣ್ಣು ಇನ್ನೂ ಅಗಲ ಮಾಡಿ" ಎನ್ನುತ್ತಲೇ ಇದ್ದರು. ನೀನು ನಕ್ಕೆ ಎಂದರೆ ಸಾಕು, ನನಗೆ ಅದೇ ಸರ್ಟಿಫಿಕೇಟು.

ಇಲ್ಲಿ ಒಂದು ತಮಾಷೆ ನಡೆಯಿತು. ಸೋಮವಾರ ಸೋಮವಾರ ನಮಗೆ 'ಕಾಗದದ ಕ್ಲಾಸು' ಇರುತ್ತದೆ, ಹೇಳಿದ್ದೆನಲ್ಲ? ನಾವೆಲ್ಲ ಸೆಟ್ಟಿನ ಮೆಟ್ಟಿಲ ಮೇಲೆ ಸಾಲಾಗಿ ಕೂರಬೇಕು. ಪ್ಲೈವುಡ್ಡಿನ ಮೆಟ್ಟಿಲು, ಆರು ಹತ್ತಿದರೆ ಮುಗಿಯಿತು, ಆಚೆ ಗೋಡೆ. ಮೂರನೇ ಮಹಡಿ ಎಂದು ನೀವು ನೋಡುವುದೆಲ್ಲ ಆ ಆರೇ ಮೆಟ್ಟಿಲು. ಮ್ಯಾನೇಜರು ಕೆಳಗೆ ನಿಂತು ವೀಕ್ಷಕರ ಪತ್ರ ಓದುತ್ತಾರೆ. ಹೊಗಳಿದ್ದನ್ನೂ ಓದುತ್ತಾರೆ, ಉಗಿದದ್ದನ್ನೂ ಓದುತ್ತಾರೆ, ಉಗಿದದ್ದನ್ನು ಸ್ವಲ್ಪ ರಾಗವಾಗಿ.

ಒಬ್ಬಳು ಯಾವಾಗಲೂ ಕೆಂಪು ಪೆನ್ನಿನಲ್ಲಿ ಬರೆಯುತ್ತಾಳೆ. ಹೆಸರಿಲ್ಲ, ವಿಳಾಸವಿಲ್ಲ. ನಾವು ಅವಳಿಗೆ 'ಕೆಂಪು ಮಸಿ' ಎಂದು ಹೆಸರಿಟ್ಟಿದ್ದೇವೆ. ಕೆಂಪು ಮಸಿ ಕಾಗದ ಬಂತೆಂದರೆ ರೈಟರ್ ಸಾಹೇಬರ ಮುಖ ಇಷ್ಟು ಸಣ್ಣಗಾಗುತ್ತದೆ. ಈ ಸಲ ಅವಳು ಓನರಮ್ಮನನ್ನು ಹಿಡಿದುಕೊಂಡಿದ್ದಳು. ಓದಿ ಮುಗಿಯುವುದರೊಳಗೆ ಹೊಸ ನಟಿ ಎದ್ದು ಹೋದಳು. ಇವತ್ತು ಸುದ್ದಿ ಬಂತು, ಹಳೆಯವರನ್ನೇ ಮತ್ತೆ ಕರೆಸುತ್ತಾರಂತೆ! ಒಂದು ಕಾಗದಕ್ಕೆ! ಹೊಸಬಳು ಮೇಕಪ್ ಕೋಣೆಯಲ್ಲಿ ಬಿಕ್ಕುತ್ತಿದ್ದಳು. ಪಾಪ ಅನಿಸಿತು, ಆದರೆ ಅಕ್ಕಾ, ಕೆಂಪು ಮಸಿ ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಬಗ್ಗೆಯೂ ಏನೋ ಇದೆಯಂತೆ, ಈಗ ಹೇಳುವುದಿಲ್ಲವಂತೆ. ಒಳ್ಳೆಯದೇ ಇರಬೇಕು. ಕೆಟ್ಟದಾಗಿದ್ದರೆ ಅವಳು ಬಚ್ಚಿಡುವವಳಲ್ಲ.

ಮೊನ್ನೆ ಬಸ್ಸಿನಲ್ಲಿ ಒಂದು ಪುಟ್ಟ ಹುಡುಗಿ "ಮೀಟರ್ ಮಾಮ" ಎಂದು ಕೈ ತೋರಿಸಿತು. ಇಡೀ ಬಸ್ಸು ತಿರುಗಿ ನೋಡಿತು. ನಾನು ಕಣ್ಣು ಅಗಲ ಮಾಡಿದೆ. ಎಲ್ಲರೂ ನಕ್ಕರು.

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

8 ಫೆಬ್ರವರಿ 1998
ಅಕ್ಕನಿಂದ ತಮ್ಮನಿಗೆ

ತಮ್ಮಾ,

ಹಳೆಯ ಓನರಮ್ಮ ಇವತ್ತು ಬಂದರು! ಕನ್ನಡಕ ಒರೆಸಿದರು. ನನಗೆ ಯಾಕೋ ಅಳುವೇ ಬಂತು. ನಿನ್ನ ಭಾವ, "ನಿನ್ನ ತಂಗಿ ತವರಿಗೆ ಬಂದ ಹಾಗೆ ಆಡ್ತೀಯಲ್ಲ" ಎಂದು ಕಾಲೆಳೆದರು.

ಆ ಕೆಂಪು ಮಸಿಯ ಬಗ್ಗೆ ಇನ್ನೇನು ಹೇಳುತ್ತಾರೆ? ರೈಟರ್ ಸಾಹೇಬರು ಅವಳ ಕಾಗದ ಇಟ್ಟುಕೊಳ್ಳುತ್ತಾರೆಯೇ, ಬಿಸಾಡುತ್ತಾರೆಯೇ? ಓದಿದವಳಂತೆ ಕಾಣುತ್ತಾಳೆಯೇ? ನನಗೇನು, ಸುಮ್ಮನೆ ಕುತೂಹಲ. ತಲೆ ಇರುವ ಹೆಂಗಸು ಅನಿಸುತ್ತದೆ.

ಇಪ್ಪತ್ತೆರಡು ವರ್ಷ ಚೆಕಿಂಗ್ ಟೇಬಲ್‌ಗೆ ನಿಂತಿದ್ದೇನೆ. ನಾನು ಸ್ಟಿಕ್ಕರ್ ಅಂಟಿಸಿದ ಕಾಲರ್ ವಾಪಸ್ ಹೋಗಿ ಸರಿಯಾಗಿ ಬರುತ್ತದೆ. ಆದರೆ ಅದನ್ನು ತೊಟ್ಟವನಿಗೆ ಅಲ್ಲಿ ತಪ್ಪಿತ್ತು ಎನ್ನುವುದೇ ಗೊತ್ತಿರುವುದಿಲ್ಲ. ಯಾಕೆ ಇದನ್ನು ಬರೆದೆನೋ.

ನಿನ್ನ ದೃಶ್ಯ ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಒಂದೇ ಒಂದು ಸಣ್ಣ ಮಾತು, ತಪ್ಪು ತಿಳಿಯಬೇಡ. ಮೊದಲ ವರ್ಷ ನೀನು ಅವಸರದಲ್ಲಿ ಬರುತ್ತಿದ್ದೆ, ಇನ್ನೂ ನಲವತ್ತು ಮನೆ ಬಾಕಿ ಇದೆ ಎನ್ನುವ ಹಾಗೆ. ಮತ್ತೆ ಹಾಗೇ ಬಂದು ನೋಡುತ್ತೀಯಾ? ಇರಲಿ ಬಿಡು, ಈಗಿರುವುದೂ ಚೆಂದವೇ.

ಅಕ್ಕ

2 ಮಾರ್ಚ್ 1998
ತಮ್ಮನಿಂದ ಅಕ್ಕನಿಗೆ

ಅಕ್ಕಾ,

ಉತ್ತರ ತಡವಾಯಿತು. ಮುನಿಸಿಕೊಂಡಿದ್ದೆ ಎಂದೇ ಇಟ್ಟುಕೋ. 'ಸಣ್ಣ ಮಾತು' ಎಂದು ಬರೆದೆಯಲ್ಲ, ಅದು ಮೂರು ದಿನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಡೈರೆಕ್ಟರು ಹೇಳಿದಂತೆ ಮಾಡಿದರೂ ತಪ್ಪು, ನೀನು ಹೇಳಿದಂತೆ ಮಾಡಿದರೆ ಅವರಿಗೆ ತಪ್ಪು. ಆಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಒಂದರಲ್ಲೂ ನೀನು ಹೀಗೆ ಬರೆದಿಲ್ಲ. ನಿನಗೆ ಅವತ್ತು ಮೈ ಸರಿ ಇರಲಿಲ್ಲ ಎಂದುಕೊಂಡೆ.

ಈಗ ನಿಜವಾದ ವಿಷಯ. ಇಲ್ಲಿಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ಕಟ್ಟಡದಲ್ಲಿ ಜನ ಜಾಸ್ತಿಯಾದರು, ಒಂದು ಪಾತ್ರ ಕಡಿಮೆ ಮಾಡಬೇಕು ಎನ್ನುತ್ತಿದ್ದಾರೆ. ಟೆರೇಸಿನ ಬಾಡಿಗೆದಾರ ಇಲ್ಲವೆ ನಾನು. ಈ ತಿಂಗಳ ಕಾಗದ ನೋಡಿ ತೀರ್ಮಾನವಂತೆ. ಅವನ ಕಡೆಯವರು ದಿನಕ್ಕೊಂದು ಕಟ್ಟು ಕಳಿಸುತ್ತಿದ್ದಾರೆ.

ಅಕ್ಕಾ, ನಾಚಿಕೆ ಬಿಟ್ಟು ಕೇಳುತ್ತೇನೆ. ನಿನ್ನ ಫ್ಯಾಕ್ಟರಿಯ ಹೆಂಗಸರ ಕೈಲಿ ಬರೆಸು. ನೀನೂ ಬೇರೆ ಹೆಸರಲ್ಲಿ ಬರೆ. ಆ ಕೆಂಪು ಮಸಿ ಮಹಾತಾಯಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರೆದುಬಿಟ್ಟರೆ ಉಳಿದ ಯಾರದ್ದೂ ಬೇಡ, ನಾನು ಉಳಿದುಕೊಳ್ಳುತ್ತೇನೆ. ಅವಳು ಎಲ್ಲಿದ್ದಾಳೆಂದು ಗೊತ್ತಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆ.

ಕೆಲಸ ಹೋದರೆ ಇನ್ನೊಂದು ಸಿಗಬಹುದು. ಹೆದರಿಕೆ ಅದಲ್ಲ. ಮೊನ್ನೆ ಅಂಗಡಿಯಲ್ಲಿ ಬ್ರೆಡ್ ಕೇಳಲು ಹೋದೆ, 'ಬ' ಬರಲಿಲ್ಲ. ಎಷ್ಟು ವರ್ಷದ ಮೇಲೆ! ಮೂರು ಎಣಿಸಿದೆ, ಆರು ಎಣಿಸಿದೆ. ಕೊನೆಗೆ ಕೈ ತೋರಿಸಿ ತಂದೆ. ಆ ಖಾಕಿ ಅಂಗಿ ಹಾಕಿಕೊಂಡು, ಆ ಪುಸ್ತಕ ಹಿಡಿದುಕೊಂಡಾಗ ಮಾತ್ರ ನನ್ನ ನಾಲಿಗೆ ನನ್ನ ಮಾತು ಕೇಳುತ್ತದೆ. ಅದನ್ನು ಬಿಚ್ಚಿಸಿಬಿಟ್ಟರೆ ನಾನು ಮತ್ತೆ ಆ ತೊಟ್ಟಿಯ ಹಿಂದೆಯೇ.

ಬೇಗ ಬರೆಸು.

ನಿನ್ನ ತಮ್ಮ

8 ಮಾರ್ಚ್ 1998
ಅಕ್ಕನಿಂದ ತಮ್ಮನಿಗೆ

ತಮ್ಮಾ,

ಹೆದರಬೇಡ. ನಮ್ಮ ಟೇಬಲ್ಲಿನ ಹದಿನಾಲ್ಕು ಜನರ ಕೈಲಿ ಬರೆಸಿ, ಬೇರೆ ಬೇರೆ ಲಕೋಟೆಯಲ್ಲಿ ನಾನೇ ಅಂಚೆಗೆ ಹಾಕಿದೆ. ಕಾಜ ಹಾಕುವವಳು "ಮೀಟರ್ ಮಾಮನಂಥ ಅಳಿಯ ಬೇಕು" ಎಂದು ಬರೆದಿದ್ದಾಳೆ. ನಾನೂ ಬರೆದಿದ್ದೇನೆ, ಬೇರೆ ಹೆಸರಲ್ಲಿ.

ನಿನ್ನಂಥ ನಟ ಇನ್ನೊಬ್ಬನಿಲ್ಲ. ನನ್ನ ಮೇಲೆ ನಂಬಿಕೆ ಇಡು.

ಅಕ್ಕ

8 ಮಾರ್ಚ್ 1998
ಅದೇ ಅಕ್ಕನಿಂದ, ಪತ್ರ ವಿಭಾಗಕ್ಕೆ

ಮಾನ್ಯರೇ,

ಮೀಟರ್ ಮಾಮನ ಬಗ್ಗೆ ಹೇಳುವುದಿದೆ ಎಂದಿದ್ದೆ. ಹೇಳದೆ ಇರಬೇಕೆಂದು ತುಂಬ ಪ್ರಯತ್ನಪಟ್ಟೆ. ಈ ಹಾಳೆ ಮೂರನೆಯದು, ಮೊದಲಿನ ಎರಡರಲ್ಲಿ ಬರೀ ಹೊಗಳಿದ್ದೆ. ಹರಿದು ಹಾಕಿದೆ. ನೀವು ನನ್ನ ಮಾತು ಕೇಳುವುದೇ ನಾನು ಸುಳ್ಳು ಬರೆಯುವುದಿಲ್ಲ ಎಂದು.

ಮೊದಲ ವರ್ಷದ ಮೀಟರ್ ಮಾಮ ನಿಜವಾಗಿ ಮೀಟರ್ ನೋಡಲು ಬರುತ್ತಿದ್ದರು. ಅವರಿಗೆ ಇವರ ಜಗಳ ಬೇಕಿರಲಿಲ್ಲ, ಕೆಲಸ ಮುಗಿಸಿ ಹೋಗಬೇಕಿತ್ತು. ಹೋಗಲು ಬಿಡುತ್ತಿರಲಿಲ್ಲ, ಅದಕ್ಕೆ ನಗು. ಈಗ ಅವರು ಸಿಕ್ಕಿಹಾಕಿಕೊಳ್ಳಲೆಂದೇ ಬರುತ್ತಾರೆ. ಬಾಗಿಲಲ್ಲಿ ಕಾಲಿಡುವಾಗಲೇ ನಮ್ಮ ಕಡೆ ನೋಡಿ ಕಣ್ಣು ಅಗಲ ಮಾಡುತ್ತಾರೆ. ಕೆಲಸಕ್ಕೆ ಬಂದವನ ಪಾಡು ನೋಡಿ ನಗಬಹುದು. ನಗಿಸಲು ಬಂದವನನ್ನು ನೋಡಿ ಅಯ್ಯೋ ಎನಿಸುತ್ತದೆ.

ಅವರು 'ನಾನು' ಎಂದು ನಿಂತು, ಹೆಬ್ಬೆರಳಿನಿಂದ ಮೂರು ಬೆರಳು ಮುಟ್ಟಿ ಎಣಿಸಿ ಆಮೇಲೆ ಮುಂದಿನ ಮಾತು ಹೇಳುತ್ತಾರಲ್ಲ, ಮೊದಲು ಆ ಎಣಿಕೆ ಅವರಿಗೆ ಬೇಕಾಗಿತ್ತು. ಮಾತು ಬರುತ್ತದೋ ಇಲ್ಲವೋ ಎಂದು ನಮಗೂ ಉಸಿರು ಬಿಗಿಯುತ್ತಿತ್ತು. ಈಗ ಮಾತು ಬರುತ್ತದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಸುಮ್ಮನೆ ಎಣಿಸುತ್ತಾರೆ.

ತಪ್ಪು ಅವರದೊಬ್ಬರದೇ ಅಲ್ಲ. ಮೂರು ವರ್ಷದಿಂದ ಒಂದೇ ಮಾತನ್ನು ಬಾಯಿಗೆ ತುರುಕಿದ್ದೀರಿ. ಆ ಮಾತು ಕಿತ್ತುಕೊಳ್ಳಿ. ಅವರಿಗೆ ಒಂದು ಮನೆ ಕೊಡಿ, ಕಾಯುವವರನ್ನು ಕೊಡಿ, ಒಂದು ದಿನ ಮೀಟರ್ ಪುಸ್ತಕವಿಲ್ಲದೆ ಬರಲಿ. ಆ ನಟನಲ್ಲಿ ನೀವು ಕಂಡದ್ದಕ್ಕಿಂತ ಹೆಚ್ಚು ಇದೆ. ಅದನ್ನು ಬರೆಯಲು ನಿಮ್ಮಿಂದ ಆಗದಿದ್ದರೆ ಅವರನ್ನು ಬಿಟ್ಟುಬಿಡಿ. ಹೀಗೆ ವಾರ ವಾರ ಸವೆಸಬೇಡಿ.

ಇಂತಿ,
ಒಬ್ಬ ಖಾಯಂ ವೀಕ್ಷಕಿ

19 ಏಪ್ರಿಲ್ 1998
ಅಕ್ಕನಿಂದ ತಮ್ಮನಿಗೆ

ತಮ್ಮಾ,

ಒಂದೂವರೆ ತಿಂಗಳಾಯಿತು ನಿನ್ನ ಕಾಗದವಿಲ್ಲದೆ. ಕಳೆದ ಮೂರು ಭಾನುವಾರ ನೀನು ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ಇವತ್ತು ಲಾಯರ ಹೆಂಡತಿ "ಮೀಟರ್ ಮಾಮ ಎಲ್ಲಿ ಕಾಣಿಸ್ತಾನೇ ಇಲ್ಲ?" ಎಂದು ಕೇಳಿದಳು. ಓನರಮ್ಮ ಕನ್ನಡಕ ಒರೆಸುತ್ತ, "ಅವ್ರಿಗೆ ಬೇರೆ ಊರಿಗೆ ವರ್ಗ ಆಯ್ತಂತೆ. ಪರವಾಗಿಲ್ಲ ಬಿಡಿ" ಎಂದರು.

ಅಷ್ಟೇ. ಮೂರು ವರ್ಷದ ಪಾತ್ರಕ್ಕೆ ಎರಡು ವಾಕ್ಯ! ಅಲ್ಲಿ ಕೂತವರಿಗೆ ಕಣ್ಣಿಲ್ಲವೇ? ಹದಿನಾಲ್ಕು ಕಾಗದ ಯಾವ ಕಸದ ಬುಟ್ಟಿಗೆ ಹೋಯಿತು? ಆ ಹೊಸ ಮುಖ್ಯಸ್ಥನಿಗೆ ನಗು ಎಂದರೆ ಏನೆಂದೇ ಗೊತ್ತಿಲ್ಲ. ಇನ್ನು ಮೇಲೆ ನಮ್ಮ ಮನೆಯಲ್ಲಿ ಆ ಧಾರಾವಾಹಿ ಹಾಕುವುದಿಲ್ಲ.

ನೀನು ಇಲ್ಲಿಗೆ ಬಂದುಬಿಡು. ಭಾವನಿಗೆ ಹೇಳಿ ಮುಂದಿನ ಕೋಣೆ ಖಾಲಿ ಮಾಡಿಸಿದ್ದೇನೆ. ಯಾರು ಏನು ಬರೆದರು, ಯಾಕೆ ಹೀಗಾಯಿತು ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡ. ಒಂದು ಸಾಲಾದರೂ ಬರೆ.

ಅಕ್ಕ

6 ಮೇ 1998
ತಮ್ಮನಿಂದ ಅಕ್ಕನಿಗೆ

ಅಕ್ಕನಿಗೆ,

ಯಾರು ಏನು ಬರೆದರು ಎಂದು ತಲೆ ಕೆಡಿಸಿಕೊಳ್ಳಬೇಡ ಎಂದೆ. ಸರಿ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮಾರ್ಚ್ ಹದಿನಾರು, ಸೋಮವಾರ. ನಾನು ಮೆಟ್ಟಿಲಲ್ಲಿ ಎಲ್ಲರಿಗಿಂತ ಮೇಲೆ ಕೂತಿದ್ದೆ, ಆರನೆಯದರಲ್ಲಿ. ನಿನ್ನ ಹೆಂಗಸರ ಕಾಗದ ಓದಿದರು. ಅಳಿಯನ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಈಗ ಕೆಂಪು ಮಸಿ" ಎಂದರು. ನಾನು ನೆಟ್ಟಗೆ ಕೂತೆ. ನಗಿಸಲು ಬಂದವನನ್ನು ನೋಡಿ ಅಯ್ಯೋ ಎನಿಸುತ್ತದೆ ಎಂದು ಓದಿದಾಗ ಕೆಳಗಿನ ಮೆಟ್ಟಿಲಲ್ಲಿದ್ದ ಒಬ್ಬರೂ ತಿರುಗಿ ನೋಡಲಿಲ್ಲ. ಅದರಿಂದಲೇ ಗೊತ್ತಾಯಿತು, ಅವರಿಗೆಲ್ಲ ಮೊದಲೇ ಹಾಗನಿಸಿತ್ತು.

ಆಮೇಲೆ ಹೆಬ್ಬೆರಳು ಬಂತು. ರೈಟರ್ ಸಾಹೇಬರು ತಡೆದು, "ಹೆಬ್ಬೆರಳಾ? ಯಾವ ಹೆಬ್ಬೆರಳು? ನೀವೇನ್ರೀ ಬೆರಳು ಎಣಿಸ್ತೀರಾ?" ಎಂದು ಕೇಳಿದರು. ಕ್ಯಾಮೆರಾಮನ್ನೂ "ನಾನ್ಯಾವತ್ತೂ ನೋಡಿಲ್ಲ, ನನ್ನ ಫ್ರೇಮಲ್ಲಿ ಆ ಕೈ ಬರೋದೇ ಇಲ್ಲ" ಎಂದ. ಎಲ್ಲರೂ ನನ್ನ ಕೈ ನೋಡಿದರು. ಆಗಲೂ ಅದು ಎಣಿಸುತ್ತಿತ್ತು ಅಕ್ಕಾ.

ಮೂರು ವರ್ಷ ನನ್ನ ಜೊತೆ ಒಂದೇ ಮೆಟ್ಟಿಲಲ್ಲಿ ಕೂತವರು ಕಾಣದ್ದನ್ನು ಟಿವಿಯಲ್ಲಿ ನೋಡಿದ ಒಬ್ಬಳು ಹೇಗೆ ಕಂಡಳು? ನೀನು ಕಾಲರಿನ ಒಳಮಗ್ಗುಲು ನೋಡಿ ನೋಡಿ, ಹೊರಗಿನಿಂದ ಏನು ಕಾಣುತ್ತದೆ ಎನ್ನುವುದನ್ನೇ ಮರೆತುಬಿಟ್ಟೆ.

ಮ್ಯಾನೇಜರು ಒಳ್ಳೆಯ ಮನುಷ್ಯ. "ಬೇಕಾದ್ರೆ ಕಾಗದ ನೋಡಿ, ನೀವೇ ಇಟ್ಕೊಳ್ಳಿ" ಎಂದು ಕೈ ಚಾಚಿದರು. ಬೇಡ ಎಂದೆ. ಅಕ್ಷರ ನೋಡಿದ್ದರೆ ಖಾತ್ರಿಯಾಗಿಬಿಡುತ್ತಿತ್ತು. ನಿನ್ನ ಕಾಗದ ಬರುವವರೆಗೂ ಒಂದು ಪಾಲು ಅನುಮಾನ ಉಳಿಸಿಕೊಂಡಿದ್ದೆ. ನೀನೇ ಒಂದು ಸಾಲು ಬರೆದು ಹೇಳುತ್ತೀಯ ಎಂದು ಕಾದೆ. ನೀನು ಮುಂದಿನ ಕೋಣೆ ಖಾಲಿ ಮಾಡಿಸಿದೆ.

ಕೊನೆಯಲ್ಲಿದ್ದ ಒಂದು ಮಾತನ್ನು ಮುಖ್ಯಸ್ಥರು ಎರಡು ಸಲ ಓದಿಸಿದರು. "ಬಿಟ್ಟುಬಿಡಿ." ಅದರ ಹಿಂದಿನದ್ದನ್ನು ಓದಿಸಲಿಲ್ಲ.

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದೇ ನನ್ನನ್ನು ಸುಡುತ್ತಿರುವುದು. ಮೂರು ವರ್ಷ, ನೂರಕ್ಕೂ ಮೇಲೆ ಕಾಗದ, ಎಲ್ಲದರಲ್ಲೂ 'ಹೊಟ್ಟೆ ನೋಯುತ್ತಿದೆ', 'ನಿನ್ನಂಥ ನಟನಿಲ್ಲ'. ನಾನು ಅದನ್ನು ನಂಬಿ ಕಣ್ಣು ಇನ್ನೂ ಅಗಲ ಮಾಡಿದೆ. ಡೈರೆಕ್ಟರಲ್ಲ ನನ್ನನ್ನು ಕೆಡಿಸಿದ್ದು. ನನ್ನ ಬಗ್ಗೆ ನಿಜ ಬರೆದವಳು ಈ ಲೋಕದಲ್ಲಿ ನೀನೊಬ್ಬಳೇ, ಅದನ್ನೂ ಊರವರಿಗೆ ಬರೆದೆ. ನನಗೆ ಬರೆಯಲಿಲ್ಲ.

ಹುಡುಕಿಕೊಂಡು ಬರಬೇಡ.

15 ಮೇ 1998
ಅಕ್ಕನಿಂದ ತಮ್ಮನಿಗೆ

ತಮ್ಮಾ,

ಹೌದು, ನಾನೇ.

ನಿನ್ನ ಮುಖಕ್ಕೆ ಹೇಳಲು ನನ್ನಿಂದ ಆಗಲಿಲ್ಲ. 'ಸಣ್ಣ ಮಾತು' ಎಂದು ಒಮ್ಮೆ ಹೇಳಿ ನೋಡಿದೆ, ನೀನು ಮೂರು ವಾರ ಮಾತು ಬಿಟ್ಟೆ. ನಿನಗೆ ಗಟ್ಟಿಯಾಗಿ ಏನಾದರೂ ಹೇಳಲು ಹೋದರೆ ನನಗೆ ತೊಟ್ಟಿಯ ಹಿಂದಿನ ಆ ಮಗುವೇ ಕಾಣುತ್ತದೆ. ಅದಕ್ಕೆ ಯಾರು ತಪ್ಪು ತೋರಿಸುತ್ತಾರೆ?

ಇಷ್ಟು ಹೇಳಿ ಸುಮ್ಮನಾದರೆ ಅದೂ ಅರ್ಧ ಸುಳ್ಳಾಗುತ್ತದೆ. ನನಗೆ ಆಸೆಯಾಗಿತ್ತು. ನಾನು ಬರೆದದ್ದನ್ನು ಅಷ್ಟು ಜನ ಕೂತು ಕೇಳುತ್ತಾರೆ, ಒಬ್ಬ ರೈಟರ್ ನನಗೆ ಹೆದರುತ್ತಾನೆ ಎಂದು ನೀನೇ ಬರೆದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಹೊಸ ಓನರಮ್ಮ ಬಿಕ್ಕಿದಳು ಎಂದೂ ನೀನು ಬರೆದಿದ್ದೆ. ಅದನ್ನು ಒಂದೇ ಸಲ ಓದಿದೆ. ಸುಳ್ಳು ಹೊಗಳಿ ಕೆಂಪು ಮಸಿಯ ಹೆಸರು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ನಿನ್ನ ಕೆಲಸ ಒಂದು ಕಡೆ, ಆ ಇಲ್ಲದ ಹೆಂಗಸಿನ ಮರ್ಯಾದೆ ಒಂದು ಕಡೆ. ನಾನು ಅವಳ ಕಡೆ ನಿಂತೆ.

ಬೈದು ಬರೆ. ಸುಮ್ಮನಿರಬೇಡ.

ಅಕ್ಕ

12 ಜುಲೈ 1998
ಅಕ್ಕನಿಂದ ತಮ್ಮನಿಗೆ

ತಮ್ಮಾ,

ನೀನು ಬರೆಯುವುದಿಲ್ಲ ಎಂದು ಗೊತ್ತಾಗಿದೆ. ಕಾಗದ ವಾಪಸ್ಸು ಬಂದಿಲ್ಲ, ಹಾಗಾಗಿ ಆ ವಿಳಾಸದಲ್ಲೇ ಇದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ನಿನಗೆ ಇನ್ನು ಮೇಲೆ ನಿಜವನ್ನೇ ಬರೆಯುತ್ತೇನೆ ಎಂದು ತೀರ್ಮಾನಿಸಿದ್ದೇನೆ. ಮೊದಲನೆಯದೇ ಇಂಥದ್ದಾಯಿತು.

ಇವತ್ತು ಭಾನುವಾರವಾದರೂ ಕೆಲಸವಿತ್ತು. ಸೂಪರ್‌ವೈಸರ್ ದೊಡ್ಡ ಮನಸ್ಸು ಮಾಡಿ ಕ್ಯಾಂಟೀನಿನ ಟಿವಿ ಹಾಕಿಸಿದ. ನಾನು ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದೆ. ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ತಿರುಗಿದೆ.

ಗ್ಯಾಸ್ ಸಿಲಿಂಡರ್ ತರುವವನು ಎಂದು ಒಬ್ಬ ಹೊಸಬನನ್ನು ತಂದಿದ್ದಾರೆ, ಎಳೆಯ ವಯಸ್ಸಿನ ನಟ. ಸಿಲಿಂಡರ್ ಹೆಗಲ ಮೇಲಿದೆ, ಲಿಫ್ಟ್ ಕೆಟ್ಟಿದೆ, ಲಾಯರ ಹೆಂಡತಿ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಗಂಡನ ಮೇಲೆ ಚಾಡಿ ಹೇಳುತ್ತಾಳೆ. ಅವನಿಗೆ ಉತ್ತರ ಕೊಡಬೇಕು, ಮಾತು ಬರುತ್ತಿಲ್ಲ. ಆಗ ಕ್ಯಾಮೆರಾ ಕೆಳಗಿಳಿದು ಅವನ ಕೈಗೆ ಬಂತು. ಪರದೆ ತುಂಬ ಕೈ. ಹೆಬ್ಬೆರಳು ಒಂದೊಂದೇ ಬೆರಳು ಮುಟ್ಟುತ್ತಿದೆ. ಮತ್ತೆ ಮುಖಕ್ಕೆ ಹೋಯಿತು. ಅವನು, "ಅಮ್ಮಾ, ಭಾರ" ಎಂದ.

ನನ್ನ ಕಾಗದದಿಂದಲೇ ತೆಗೆದುಕೊಂಡಿದ್ದಾರೆ. ನಾನು ತೊಟ್ಟಿಯ ಹಿಂದೆ ನಿನಗೆ ಕೊಟ್ಟದ್ದನ್ನು ನಿನ್ನ ಕೈಯಿಂದ ಬಿಡಿಸಿ ಅವನಿಗೆ ಹಾಕಿದ್ದಾರೆ. ಚಹಾ ಬಟ್ಟೆಯ ಮೇಲೆ ಚೆಲ್ಲಿಕೊಂಡೆ. ಕಾಜ ಹಾಕುವವಳು "ಏನಕ್ಕಾ, ಮೈಗೆ ಸರಿ ಇಲ್ವಾ?" ಎಂದು ಕೇಳಿದಳು.

ನಾನು ನಿನಗೆ ಹೇಳಬೇಕಾದದ್ದು ಇದಲ್ಲ. ಇದಕ್ಕೆ ಮುಂಚೆ ಆದದ್ದು. ಅವನು ಆ ಮಾತು ಹೇಳಿದ ಕೂಡಲೇ, ಅದು ನಿನ್ನದು ಎಂದು ಹೊಳೆಯುವುದಕ್ಕೂ ಮೊದಲು, ನನಗೂ ನಗು ಬಂತು. ಜೋರಾಗಿಯೇ ನಕ್ಕೆ. ಅವನಿಗೆ ಸಿಲಿಂಡರ್ ಇಳಿಸಿ ಹೋಗಬೇಕಾಗಿತ್ತು ಅಷ್ಟೇ, ನಗಿಸಬೇಕಾಗಿರಲಿಲ್ಲ. ಎಷ್ಟು ಹುಡುಕಿದರೂ ನನಗೆ ಅದರಲ್ಲಿ ತಪ್ಪು ಸಿಗಲಿಲ್ಲ.

ನಿನಗೆ ಹಾಕಿದ ಕಾಗದಗಳಲ್ಲಿ ಅಷ್ಟು ಸಲ 'ನಕ್ಕೆ' ಎಂದು ಬರೆದೆ. ಮೊದಲ ವರ್ಷ ಬಿಟ್ಟರೆ, ಆಮೇಲಿನ ಎರಡು ವರ್ಷ ಒಂದು ಸಲವೂ ನಕ್ಕಿರಲಿಲ್ಲ.

ಅಕ್ಕ

25 ಜುಲೈ 1998
ತಮ್ಮನಿಂದ ಅಕ್ಕನಿಗೆ, ಅಂಚೆ ಕಾರ್ಡಿನಲ್ಲಿ

ನಾನೂ ನೋಡಿದೆ. ಅವನು ಎರಡೇ ಎಣಿಸಿದ, ಮೂರನೇ ಬೆರಳು ಮುಟ್ಟಲೇ ಇಲ್ಲ. ಪರದೆ ತುಂಬ ತೋರಿಸಿದರೂ ನಿನಗೆ ಕಾಣಲಿಲ್ಲವೇ?

ಕೆಂಪು ಮಸಿಗೆ ಹೇಳು, ಅವರಿಗೊಂದು ಕಾಗದ ಹಾಕಲಿ.